ಮೊಣಕಾಲಿನ ಕೆಳಗೆ

ಕೊಡ್ಲಿಯ ಅಂಬಾರಾಯ ಕಾಕಾ ಅವರಿಗೆ,

ಸೇಡಂನಿಂದ ಶ್ರೀವಾಣಿಯ ನಮಸ್ಕಾರಗಳು.

ಕ್ಷೇಮ ವಿಚಾರಿಸಿ ಪತ್ರ ಆರಂಭಿಸುವುದು ರೂಢಿ. ನಿಮ್ಮ ಕ್ಷೇಮ ಎಷ್ಟರಮಟ್ಟಿಗಿದೆ ಎಂದು ಹೋದ ವಾರ ಕಣ್ಣಾರೆ ನೋಡಿ ಬಂದಿದ್ದೇನೆ. ಆದ್ದರಿಂದ ಮೊದಲು ಹೇಳಬೇಕಾದದ್ದನ್ನು ಮೊದಲೇ ಬರೆಯುತ್ತೇನೆ. ನನಗೆ ಸಿಕ್ಕಿರುವ ಹಣ ನಿಮ್ಮ ಕಾಲಿನ ಔಷಧಕ್ಕೆ ಸಿಕ್ಕಿದ್ದಲ್ಲ. ಆ ಔಷಧದ ಕೆಲಸ ಇಲ್ಲಿಗೆ ನಿಲ್ಲುತ್ತದೆ. ಅದಕ್ಕಾಗಿ ನೀವು ಇನ್ನು ಕಾಯಬಾರದು. ಕಲಬುರಗಿಯ ಡಾಕ್ಟರ್ ರಮೇಶಕುಮಾರ ಹೇಳಿದಂತೆ ಬಲಗಾಲನ್ನು ತೆಗೆಸಿಕೊಳ್ಳಬೇಕು. ಮೊಣಕಾಲು ಉಳಿಯುವ ಹಾಗಿರುವಾಗಲೇ ತೆಗೆಸಿಕೊಳ್ಳಬೇಕು.

ಇದನ್ನು ನಿಮ್ಮ ಮಗಳು ದೇವಿಕಾ ಓದಿ ಹೇಳುತ್ತಿರುತ್ತಾಳೆ. ಅವಳಿಗೂ ಈ ಸುದ್ದಿ ಹೊಸದು. ಕಲಬುರಗಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಜೊತೆ ಕೊಟ್ಟ ಚೀಟಿಯನ್ನು ನೋಡಿ ಅವಳು ನಿಮಗೆ, ‘ಸ್ವಲ್ಪ ಎಲುಬಿಗಿ ತಾಕ್ಯಾದಂತಪ್ಪಾ’ ಎಂದಾಗ ನಾನು ಪಕ್ಕದಲ್ಲೇ ಇದ್ದೆ. ಚೀಟಿಯಲ್ಲಿ ‘ಸ್ವಲ್ಪ’ ಎಂಬ ಪದ ಇರಲಿಲ್ಲ. ಅಂಗನವಾಡಿಯ ಮಕ್ಕಳಿಗೆ ಕಥೆ ಹೇಳಿ ಹೇಳಿ ಅವಳಿಗೆ ರೂಢಿಯಾಗಿದೆ, ಹುಲಿ ಬರುವ ಜಾಗದಲ್ಲಿ ದನಿ ಇಳಿಸುತ್ತಾಳೆ. ದೇವಿಕಾ, ನಿನಗೊಂದು ಮಾತು. ಇದರಲ್ಲಿ ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ. ಅಳು ಬಂದರೆ ನಿಲ್ಲಿಸು, ನೀರು ಕುಡಿ, ನಿಲ್ಲಿಸಿದ ಸಾಲಿನಿಂದಲೇ ಮತ್ತೆ ಓದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ ಕಾಕಾ. ನಾನು ಒಂದು ಮಾತು ಹೇಳಿದರೆ ನೀವು ಹಾಲು ಹಾಕುವ ಸುಲೇಪೇಟದ ಹೋಟೆಲಿನಲ್ಲಿ ಕೂತವರೆಲ್ಲ ಅದಕ್ಕೆ ಉತ್ತರ ಕೊಡುತ್ತಾರೆ. ನೀವೋ, ‘ಹೂಂ ಆಯ್ತ್ರಿ, ಆಯ್ತ್ರಿ’ ಎಂದು, ಎಮ್ಮೆ ಯಾವಾಗ ಈಯುತ್ತದೆ ಎಂಬಲ್ಲಿಗೆ ಮಾತು ತಿರುಗಿಸಿಬಿಡುತ್ತೀರಿ. ಎದುರಿಗೆ ಹೇಳೋಣವೆಂದೇ ಹೋದ ಭಾನುವಾರ ಬಂದೆ. ಏನಾಯಿತು ಎಂಬುದು ನಿಮಗೆ ಗೊತ್ತು. ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದು ಗೊತ್ತಿಲ್ಲ.

ಸುಲೇಪೇಟದಲ್ಲಿ ಬಸ್ಸಿಳಿದು ಚಹಾ ಕುಡಿದರೆ ಹೋಟೆಲಿನವನು ದುಡ್ಡು ತೆಗೆದುಕೊಳ್ಳಲಿಲ್ಲ. ‘ನೀವು ಅಂಬಾರಾಯನ ಡಾಕ್ಟರ್ ಬಾಯಿ ಅಲ್ರೀ, ಪೇಪರಿನ್ಯಾಗ ಫೋಟೋ ನೋಡೀವಿ’ ಎಂದ. ನೀವು ಹಾಲಿನ ಕ್ಯಾನು ಕಟ್ಟಿದ ಬೈಕಿನ ಮೇಲೆ ಕಾಯುತ್ತಿದ್ದಿರಿ, ಬಲಗಾಲಿಗೆ ಗೊಬ್ಬರದ ಚೀಲ ಸುತ್ತಿ ಸುತಳಿ ಬಿಗಿದಿದ್ದಿರಿ. ಮನೆಗೆ ಬಂದರೆ ಕಟ್ಟೆಯ ತುಂಬ ಜನ. ನಿಮ್ಮ ಮನೆಯವರು ಶಿವಕಾಂತಮ್ಮ ಆರತಿ ಹಿಡಿದು ನಿಂತಿದ್ದರು. ನನ್ನ ಕೊರಳಿಗೆ ಹಾರ, ಹೆಗಲಿಗೆ ಶಾಲು, ಕೈಗೆ ಪೇಢಾ. ನೀವು ಕಟ್ಟೆಯ ಮೇಲೆ ಎದ್ದು ನಿಂತು, ‘ನಮ್ಮ ಡಾಕ್ಟರ್ ಬಾಯಿಗಿ ರೊಕ್ಕ ಬಂದಾದ. ನನ್ನ ಕಾಲಿಗಂತನೇ ಬಂದಾದ. ಇನ್ನ ಯಾವ ಮಗಾ ಕಡೀತಾನ ಕಡೀಲಿ, ನೋಡ್ತೀನಿ!’ ಎಂದಿರಿ. ಪಕ್ಕದ ಮನೆಯ ಮುದುಕ, ‘ಲೇ, ನಿನ್ನ ಒಂದು ಕಾಲಿಗಿ ಇಷ್ಟು ರೊಕ್ಕ ಕೊಡ್ತಾರಂದ್ರ, ನಾವೆಲ್ಲಾ ನಡಿಯೋ ರೋಡಿಗಿ ಯಾಕ ಕೊಡವಲ್ರು?’ ಎಂದ. ಎಲ್ಲರೂ ನಕ್ಕರು. ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ.

ನಾನು ಅನುವಾದದಲ್ಲಿ ಓದುವ ಕಥೆಗಳಲ್ಲಿ ಕೆಟ್ಟ ಸುದ್ದಿ ತಂದವನು ಬಾಗಿಲಲ್ಲೇ ನಿಂತು ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋಗುತ್ತಾನೆ. ನಮ್ಮಲ್ಲಿ ಒಳಗೆ ಕರೆದು ಕೂರಿಸಿ ಊಟಕ್ಕೆ ಬಡಿಸಿಬಿಡುತ್ತಾರೆ. ಬಿಸಿ ರೊಟ್ಟಿ ತಟ್ಟೆಗೆ ಬಿದ್ದ ಮೇಲೆ ಯಾವ ಮಾತಿನಿಂದ ಆರಂಭಿಸಬೇಕು ಎಂದು ಯಾವ ಕಥೆಯಲ್ಲೂ ಬರೆದಿಲ್ಲ. ಶಿವಕಾಂತಮ್ಮನವರು ಮಾತ್ರ ನನ್ನ ಮುಖ ನೋಡಿ, ‘ಯಾಕ್ರಿ ಬಾಯಿ, ಪೇಢಾ ಸಪ್ಪಗದಾವೇನು? ಮಾರಿ ಹಂಗ್ಯಾಕ ಮಾಡೀರಿ?’ ಎಂದರು. ಇಲ್ಲ, ಬಸ್ಸಿನಲ್ಲಿ ತಲೆ ಸುತ್ತಿತು ಎಂದೆ. ನಾನು ಹೊರಡುವಾಗ ಅವರು ನನ್ನ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಈಗ ಮೊದಲಿನಿಂದ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ನೂರು ಸಲ ಹೇಳಿದ್ದೇನೆ, ನೀವು ನೂರು ಸಲವೂ ‘ಆದ್ರೂ ಡಾಕ್ಟರೇ ಅಲ್ರೀ’ ಎಂದಿದ್ದೀರಿ. ಹೈದರಾಬಾದಿನ ಒಂದು ಸಂಶೋಧನಾಲಯದಲ್ಲಿ ಪಿಎಚ್‌ಡಿ ಮಾಡಿದವಳು ನಾನು. ಕಾಲಿಗೆ ಮುಳ್ಳು ಚುಚ್ಚಿದಾಗ ಮಣ್ಣಿನಿಂದ ಒಳಗೆ ಹೋಗುವ ಒಂದು ಬೂಷ್ಟಿದೆ. ಅದು ವರ್ಷಗಟ್ಟಲೆ ಸುಮ್ಮನೆ ಬೆಳೆದು, ಪಾದ ಊದಿ, ತೂತು ಬಿದ್ದು, ಸಾಸಿವೆಯಂಥ ಕಪ್ಪು ಕಾಳುಗಳು ಹೊರಬರುತ್ತವೆ. ಆ ಬೂಷ್ಟು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ರೋಗಿಗಳನ್ನು ಹುಡುಕಿಕೊಂಡು ಸೇಡಂ, ಚಿತ್ತಾಪುರ, ಶಹಾಬಾದ್ ಆಸ್ಪತ್ರೆಗಳಲ್ಲಿ ಅಲೆದೆ. ಚಿಂಚೋಳಿಯ ಕಂಪೌಂಡರ್ ಒಬ್ಬರು, ‘ಕೊಡ್ಲಿದಾಗ ಒಬ್ಬಂವ ಇದ್ದಾನ್ರಿ, ಹಾಲು ಮಾರ್ತಾನ, ಕಾಲು ಹಾಂಗೇ ಅದ, ಮಾತು ಮಾತ್ರ ಭಾಳ’ ಎಂದು ನಿಮ್ಮಲ್ಲಿಗೆ ಕಳಿಸಿದರು.

ಮೊದಲ ಸಲ ಕಾಲು ತೋರಿಸಿ ಎಂದಾಗ, ‘ಮೊದಲ ಚಾ ಕುಡೀರಿ. ಕಾಲು ಎಲ್ಲಿಗಿ ಓಡಿ ಹೋಗ್ತದ?’ ಎಂದಿರಿ. ಎಮ್ಮೆಗೆ ಮೇವು ಕೊಯ್ಯುವಾಗ ಜಾಲಿಮುಳ್ಳು ಮುರಿದದ್ದು, ಪಿನ್ನಿನಿಂದ ಕಿತ್ತು ಮರೆತದ್ದು, ಆಮೇಲೆ ಗಂಟು ಎದ್ದದ್ದು, ಎಲ್ಲವನ್ನೂ ಬೇರೆ ಯಾರದೋ ಕಾಲಿನ ಕಥೆಯಂತೆ ಹೇಳಿದಿರಿ. ‘ನೋವೇ ಇದ್ದಿಲ್ಲರೀ. ನೋವು ಇದ್ದಿದ್ರ ತೋರಸ್ತಿದ್ದೆ’ ಎಂದಿರಿ. ಈ ರೋಗದ ಕೆಟ್ಟತನವೇ ಅದು. ನೋಯಿಸದೆ ಎಲುಬಿನವರೆಗೆ ಹೋಗುತ್ತದೆ.

ಆ ಕಾಳುಗಳನ್ನು ನಮ್ಮ ಲ್ಯಾಬಿಗೆ ಒಯ್ಯಲು ನಿಮ್ಮ ಒಪ್ಪಿಗೆ ಪಡೆಯುವ ಮುಂಚೆ ನಿಯಮದಂತೆ ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಇದು ಚಿಕಿತ್ಸೆಯಲ್ಲ, ನಿಮಗೆ ಇದರಿಂದ ಗುಣವಾಗುತ್ತದೆ ಎಂದು ತಿಳಿಯಬಾರದು, ಯಾವಾಗ ಬೇಕಾದರೂ ಬೇಡ ಎನ್ನಬಹುದು. ನೀವು ತಲೆಯಾಡಿಸುತ್ತ ಕೇಳಿ, ‘ತಿಳೀತ್ರಿ. ಇದು ಚಿಕಿತ್ಸಾ ಅಲ್ಲ. ಮುಂದ?’ ಎಂದಿರಿ. ಆ ‘ಮುಂದ?’ ಎಂಬುದಕ್ಕೆ ನನ್ನ ಕಾಗದದಲ್ಲಿ ಉತ್ತರ ಇರಲಿಲ್ಲ. ಕಾಳು ತೆಗೆದುಕೊಳ್ಳಲು ಬಂದಾಗಲೆಲ್ಲ ಗಾಯ ತೊಳೆದು ಹೊಸ ಪಟ್ಟಿ ಕಟ್ಟುತ್ತಿದ್ದೆ, ನನ್ನ ಜಾಗದಲ್ಲಿ ಯಾರಿದ್ದರೂ ಕಟ್ಟುತ್ತಿದ್ದರು. ‘ನೀವು ಬಂದು ಹೋದ ವಾರ ಕಾಲು ಹಗುರಾಗ್ತದ ನೋಡ್ರಿ’ ಎಂದು ನೀವು ಊರಿಗೆಲ್ಲ ಹೇಳಿದಿರಿ. ಹಗುರಾಗುತ್ತಿದ್ದದ್ದು ಶುದ್ಧ ಪಟ್ಟಿಯಿಂದ. ನೀವು ಅದನ್ನು ನನ್ನ ಕೈಗುಣ ಎಂದಿರಿ.

ಆಸ್ಪತ್ರೆಯವರು ಬರೆದುಕೊಟ್ಟ ಮಾತ್ರೆಗಳನ್ನು ನೀವು ಬಹಳ ಕಾಲ ನುಂಗಿದಿರಿ. ಮೊದಲು ಊತ ಇಳಿಯಿತು, ಆಮೇಲೆ ಮತ್ತೆ ಏರಿತು. ಅದೇ ಹೊತ್ತಿನಲ್ಲಿ ನಮ್ಮ ಲ್ಯಾಬಿನಲ್ಲಿ ಎರಡು ಔಷಧಗಳನ್ನು ಒಟ್ಟಿಗೆ ಹಾಕಿದಾಗ ನಿಮ್ಮ ಕಾಲಿನ ಬೂಷ್ಟು ಬೆಳೆಯುವುದು ನಿಂತಿತು. ಗಾಜಿನ ತಟ್ಟೆಯಲ್ಲಿ ನಿಂತಿತು, ಅಷ್ಟೇ. ಆಮೇಲೆ ಹುಳಗಳ ಮೇಲೆ ನೋಡಿದೆವು. ಜೇನುಗೂಡಿನ ಮೇಣ ತಿಂದು ಬದುಕುವ ಒಂದು ಬಿಳಿ ಹುಳವಿದೆ, ಇಂಥ ಔಷಧಗಳನ್ನು ಮೊದಲು ಅದರ ಮೇಲೆ ಪರೀಕ್ಷಿಸುತ್ತಾರೆ. ಬೂಷ್ಟು ಚುಚ್ಚಿದ ಹುಳಗಳು ಕಪ್ಪಾಗಿ ಸತ್ತವು. ಎರಡು ಔಷಧ ಕೊಟ್ಟವುಗಳಲ್ಲಿ ಹೆಚ್ಚಿನವು ಬದುಕಿದವು. ಫೋನಿನಲ್ಲಿದ್ದ ಆ ಚಿತ್ರವನ್ನು ನೀವೇ ಕೇಳಿ ನೋಡಿದಿರಿ. ಇದು ಹುಳು, ಮನುಷ್ಯನ ಕಾಲಿಗೂ ಇದಕ್ಕೂ ಬಹಳ ದೂರ ಎಂದೆ. ನೀವು ಅದನ್ನು ಬೆರಳಿನಿಂದ ದೊಡ್ಡದು ಮಾಡಿ, ‘ಇದಕ್ಕ ಎಷ್ಟು ಕಾಲ್ರಿ?’ ಎಂದು ಕೇಳಿದಿರಿ. ನಾನು ಹೇಳಿದೆ. ‘ಅದಕ್ಕ ಒಂದು ಹೋದ್ರ ಏನೂ ಲುಕ್ಸಾನಿಲ್ಲ. ಅಂಥಾದ್ದೇ ಬದುಕ್ಯಾದ. ನಮಗ ಇರೋವೇ ಎರಡು, ನಾವು ಯಾಕ ಕಡಸಬೇಕು?’ ಎಂದಿರಿ. ಶಿವಕಾಂತಮ್ಮನವರು ಒಳಗಿನಿಂದಲೇ, ‘ಹುಳದ ಸಂಗಾಟ ಹೋಲಿಸ್ಕೊಂಡು ಕುಂದ್ರು ನೀ, ಸರಿ ಹೋಗ್ತದ ಜೋಡಿ’ ಎಂದರು.

ಅಂದಿನಿಂದ ನೀವು ಕಾಯತೊಡಗಿದಿರಿ. ಅದಕ್ಕೂ ಮೊದಲು ನೀವು ಡಾಕ್ಟರಿಗೆ ‘ನೋಡೋಣ’ ಎನ್ನುತ್ತಿದ್ದಿರಿ. ಆಮೇಲೆ ‘ಔಷಧ ಬರಾಕತ್ತದ’ ಎನ್ನತೊಡಗಿದಿರಿ.

ಔಷಧ ಬರಬೇಕಾದರೆ ಆ ಕೆಲಸ ಮುಂದುವರಿಯಬೇಕಿತ್ತು. ಅದು ಹೇಗೆ ನಿಲ್ಲುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪಿಎಚ್‌ಡಿ ಮಾಡುವಾಗ ತಿಂಗಳಿಗೊಂದು ಹಣ ಬರುತ್ತದೆ. ಪ್ರಬಂಧ ಒಪ್ಪಿಸಿದ ದಿನ ಅದು ನಿಲ್ಲುತ್ತದೆ. ಅದರ ಮುಂದಿನ ಹಂತಕ್ಕೆ, ಸ್ವಂತವಾಗಿ ಸಂಶೋಧನೆ ಮಾಡುವ ಹಂತಕ್ಕೆ, ಬೇರೆ ಹಣ ಬೇಕು. ಈ ದಡದಿಂದ ಆ ದಡಕ್ಕೆ ದಾಟಲು ಕೆಲವು ಸಂಸ್ಥೆಗಳು ನೆರವು ಕೊಡುತ್ತವೆ. ನೂರಾರು ಜನ ಕೇಳುತ್ತಾರೆ, ಕೆಲವರಿಗೆ ಸಿಗುತ್ತದೆ. ನಾನು ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದೆ. ಅದರಲ್ಲಿ ಬರೆದದ್ದು ನಿಮ್ಮ ಕಾಲಿನ ಬಗ್ಗೆಯೇ. ಹುಳದಿಂದ ಇಲಿಗೆ, ಇಲಿಯಿಂದ ಮನುಷ್ಯನವರೆಗೆ ಆ ಎರಡು ಔಷಧಗಳನ್ನು ತರುವ ದಾರಿ. ಎಲ್ಲ ಸರಿಯಾಗಿ ನಡೆದರೂ ಅದು ಬಹಳ ವರ್ಷಗಳ ದಾರಿ. ಉತ್ತರ ಬರುವವರೆಗೆ ಸೇಡಂನ ಮನೆಯಲ್ಲಿ ಕೂತು ಹತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೆ. ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ನಿಮ್ಮ ಬೂಷ್ಟನ್ನು ಹಳೆಯ ಕೊಳವೆಯಿಂದ ಹೊಸ ಕೊಳವೆಗೆ ಬದಲಿಸಿ ಬರುತ್ತಿದ್ದೆ. ಹಾಗೆ ಮಾಡದಿದ್ದರೆ ಅದು ಸಾಯುತ್ತದೆ. ಆ ಪ್ರಯಾಣಗಳಿಗೆ ಯಾರೂ ಹಣ ಕೊಡುತ್ತಿರಲಿಲ್ಲ, ಕೇಳಲೂ ಇಲ್ಲ.

ಸಂದರ್ಶನದಲ್ಲಿ ನಾಲ್ವರು ಕೂತಿದ್ದರು. ಕೆಟ್ಟವರಲ್ಲ. ನನ್ನ ಬರಹವನ್ನು ಗಮನವಿಟ್ಟು ಓದಿಕೊಂಡೇ ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು ಹುಳಗಳ ಚಿತ್ರವನ್ನು ಬಹಳ ಹೊತ್ತು ನೋಡಿ, ಕೆಲಸ ಅಚ್ಚುಕಟ್ಟಾಗಿದೆ ಎಂದರು. ಆಮೇಲೆ, ಈ ರೋಗ ಎಷ್ಟು ಜನರಿಗಿದೆ ಎಂದು ಕೇಳಿದರು. ಎಣಿಸಿದವರಿಲ್ಲ ಎಂದೆ. ನನಗೆ ಗೊತ್ತಿರುವವರು ಎಷ್ಟು ಎಂದರು. ಹನ್ನೊಂದು ಎಂದೆ. ಆ ಹನ್ನೊಂದರಲ್ಲಿ ನಿಮ್ಮ ಮುಖ ನನ್ನ ಕಣ್ಣ ಮುಂದೆ ಬಂತು. ಅವರಿಗೆ ಹನ್ನೊಂದು ಮಾತ್ರ ಕೇಳಿಸಿತು. ಎಣಿಕೆಯಿಲ್ಲದ ರೋಗಕ್ಕೆ ಹಣ ಬರುವುದಿಲ್ಲ, ಹಣವಿಲ್ಲದೆ ಎಣಿಸಲು ಯಾರೂ ಹೋಗುವುದಿಲ್ಲ. ಇದನ್ನು ಅಲ್ಲಿ ಹೇಳಿದೆ. ನನ್ನ ಮಾತು ನಿಜ ಎಂದು ಅವರೂ ಒಪ್ಪಿದರು. ಒಪ್ಪುವುದರಿಂದ ಏನೂ ಬದಲಾಗಲಿಲ್ಲ.

ಇನ್ನೊಂದು ನಿಯಮವಿತ್ತು. ಈ ನೆರವು ಪಡೆಯುವವರು ಪಿಎಚ್‌ಡಿ ಮಾಡಿದ ಜಾಗವನ್ನೂ, ವಿಷಯವನ್ನೂ ಬಿಟ್ಟು ಹೊಸ ಲ್ಯಾಬಿಗೆ ಹೋಗಬೇಕು. ವಿಷಯದ ಮಟ್ಟಿಗೆ ಕೆಲವೊಮ್ಮೆ ಸಡಿಲ ಮಾಡುತ್ತಾರೆ, ನನಗೂ ಮಾಡಬಹುದು ಎಂದು ನಂಬಿದ್ದೆ. ನಿಯಮ ಮಾಡಿದ ಉದ್ದೇಶ ಒಳ್ಳೆಯದೇ. ಇಲ್ಲದಿದ್ದರೆ ನನ್ನಂಥವರು ಜೀವನವಿಡೀ ಪಿಎಚ್‌ಡಿ ಮಾಡಿಸಿದ ಗೈಡ್ ಅವರ ನೆರಳಿನಲ್ಲಿ ಅವರ ಕೆಲಸವನ್ನೇ ಮಾಡಿಕೊಂಡು ಉಳಿಯುತ್ತೇವೆ. ನನ್ನ ಒಳ್ಳೆಯದಕ್ಕಾಗಿ ಮಾಡಿದ ನಿಯಮ ನಿಮ್ಮ ಕಾಲನ್ನು ಬಿಟ್ಟು ಮುಂದೆ ಹೋಗುತ್ತದೆ ಎಂದು ಅದನ್ನು ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಉತ್ತರ ಬಂತು. ನನ್ನನ್ನು ಆಯ್ಕೆ ಮಾಡಿದ್ದರು, ನನ್ನ ವಿಷಯವನ್ನು ಅಲ್ಲ. ಭುವನೇಶ್ವರದ ಒಂದು ಲ್ಯಾಬು ನನ್ನನ್ನು ತೆಗೆದುಕೊಳ್ಳಲು ಒಪ್ಪಿದೆ. ಅಲ್ಲಿ ಮಾಡಬೇಕಾದದ್ದು ಬೇರೆ ಬೂಷ್ಟಿನ ಕೆಲಸ. ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕದಲ್ಲಿ ಮಲಗಿದವರ ರಕ್ತಕ್ಕೆ ಅದು ಇಳಿಯುತ್ತದೆ, ಇಳಿದವರಲ್ಲಿ ಬಹಳ ಜನ ಉಳಿಯುವುದಿಲ್ಲ. ಅವರನ್ನು ಎಣಿಸಿದ್ದಾರೆ. ಆ ಕೆಲಸವೂ ಆಗಬೇಕಾದದ್ದೇ ಕಾಕಾ, ಅದನ್ನು ಸಣ್ಣದು ಎನ್ನಲಾರೆ.

ಬೇಡ ಎನ್ನಬಹುದಿತ್ತು. ಬೇಡ ಎಂದಿದ್ದರೆ ಆ ಹಣ ಪಟ್ಟಿಯಲ್ಲಿ ನನ್ನ ನಂತರದವರಿಗೆ ಹೋಗುತ್ತಿತ್ತು, ನಿಮ್ಮ ಕಾಲಿಗೆ ಬರುತ್ತಿರಲಿಲ್ಲ. ನಮ್ಮ ಗೈಡ್ ಈ ವರ್ಷ ನಿವೃತ್ತರಾಗುತ್ತಾರೆ, ಅವರ ಕೋಣೆಗಳನ್ನು ಆಗಲೇ ಬೇರೆಯವರಿಗೆ ಹಂಚಿ ಆಗಿದೆ. ನಾನು ಹಟ ಹಿಡಿದು ಉಳಿದರೂ ನಿಲ್ಲಲು ಒಂದು ಮೇಜು ಇಲ್ಲ. ಎರಡು ದಿನ ಮನೆಯಲ್ಲಿ ಯಾರಿಗೂ ಹೇಳದೆ ಓಡಾಡಿದೆ. ಕೊನೆಗೆ ನಮ್ಮ ತಾಯಿ ರುಕ್ಮಿಣಿಬಾಯಿ, ‘ಹೋಗು ನೀ. ಇಲ್ಲೇ ಕೂತ್ರ ಯಾರ ಕಾಲು ಉಳೀತದ?’ ಎಂದರು. ಅವರು ಹೇಳಿದ್ದು ಲೆಕ್ಕಕ್ಕೆ ಸರಿ. ಒಪ್ಪಿಗೆ ಕಳಿಸಿದೆ.

ಅದೇ ವಾರ ತಂದೆಯವರ ಸ್ನೇಹಿತರೊಬ್ಬರು ಪತ್ರಿಕೆಗೆ ಸುದ್ದಿ ಕೊಟ್ಟರು. ಸೇಡಂನ ಯುವತಿಗೆ ಉನ್ನತ ಸಂಶೋಧನೆಗೆ ನೆರವು ಎಂದು ಒಂದು ವಾಕ್ಯ. ಕಾಲಿನ ಬೂಷ್ಟು ರೋಗದ ಕುರಿತು ಇವರು ಪಿಎಚ್‌ಡಿ ಪಡೆದಿದ್ದಾರೆ ಎಂದು ಇನ್ನೊಂದು ವಾಕ್ಯ. ಎರಡೂ ನಿಜ. ಸುಲೇಪೇಟದ ಹೋಟೆಲಿನಲ್ಲಿ ಯಾರೋ ಅವನ್ನು ಒಂದರ ಹಿಂದೆ ಒಂದು ಜೋರಾಗಿ ಓದಿದರು. ನೀವು ಹಾಲು ಅಳೆಯುವುದನ್ನು ಬಿಟ್ಟು ಪೇಢಾ ತರಲು ಹೋದಿರಿ. ಮರುದಿನ ಕಲಬುರಗಿಗೆ ಫೋನ್ ಮಾಡಿಸಿ, ಡಾಕ್ಟರು ಆಪರೇಷನ್‌ಗೆ ನಿಮಗಾಗಿ ಹಿಡಿದಿಟ್ಟ ಹಾಸಿಗೆ ಬೇಡ ಎಂದು ಹೇಳಿಸಿದಿರಿ. ಅದು ನನಗೆ ಡಾಕ್ಟರಿಂದ ತಿಳಿಯಿತು. ಅದಕ್ಕಾಗಿಯೇ ಕೊಡ್ಲಿಗೆ ಬಂದೆ, ಬಂದು ಹಾರ ಹಾಕಿಸಿಕೊಂಡು ಹೋದೆ.

ಡಾಕ್ಟರ್ ರಮೇಶಕುಮಾರ ನಿಮಗೆ ಏನು ಹೇಳಿದ್ದರು ಎಂಬುದನ್ನು ಮತ್ತೊಮ್ಮೆ ಬರೆಯುತ್ತೇನೆ, ಅವರ ಮಾತಿನಲ್ಲೇ. ‘ಹಿಮ್ಮಡ ಹೋಗ್ಯಾದ, ಪಾದದ ಹರಡು ಹೋಗ್ಯಾದ, ಈಗ ಕಣಕಾಲಿನ ಎಲುಬು ಹಿಡೀಲಿಕತ್ತದ. ಈಗ ಬಂದ್ರ ಮೊಣಕಾಲು ನಿಮಗ ಬಿಟ್ಟುಕೊಡ್ತೀನಿ. ತೊಗರಿ ರಾಶಿ ಮುಗಿಸಿ ಬರ್ತೀನಿ ಅಂದ್ರ ತೊಡಿತನಕ ತಗೀಬೇಕಾಗ್ತದ.’ ನೀವು ಅವರಿಗೆ, ‘ಕಾಲು ನಂದು, ಗಡಿಬಿಡಿ ನಿಮ್ದು’ ಎಂದಿರಿ. ಅವರು ಸಿಟ್ಟಾಗಲಿಲ್ಲ. ನೀವು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ, ‘ಅವ್ರು ನನ್ನ ಮಾತು ಕೇಳಲ್ಲ ಮೇಡಂ. ನಿಮ್ಮ ಹುಳದ ಮಾತು ಕೇಳ್ತಾರ’ ಎಂದರು.

ಮೊಣಕಾಲು ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಹೋದರೆ ಹೋಯಿತು, ಎಲ್ಲ ಒಂದೇ ಎಂದುಕೊಂಡಿದ್ದೀರಿ. ಒಂದೇ ಅಲ್ಲ. ನನ್ನ ಹನ್ನೊಂದು ಜನರಲ್ಲಿ ಶಹಾಬಾದಿನ ಅಮೀರ್ ಅಲಿ ಒಬ್ಬರು. ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವರು. ಅವರದೂ ಬಲಗಾಲು, ಮೊಣಕಾಲಿನ ಕೆಳಗೆ ಹೋಯಿತು. ಈಗ ಕೃತಕ ಕಾಲು ಹಾಕಿಕೊಂಡು ವಾಡಿ ಜಂಕ್ಷನ್ನಿನ ಹೊರಗೆ ಚಹಾ ಬಿಸ್ಕತ್ತಿನ ಅಂಗಡಿ ನಡೆಸುತ್ತಾರೆ. ರೈಲಿನಲ್ಲಿ ಕಲಬುರಗಿಗೆ ಹೋಗಿ ಬರುವಾಗ ಅವರನ್ನು ನೋಡಿದ್ದೇನೆ. ಪ್ಲಾಟ್‌ಫಾರಂನ ಮೇಲುಸೇತುವೆ ಹತ್ತಿ ಇಳಿಯುತ್ತಾರೆ, ಸೈಕಲ್ ತುಳಿಯುತ್ತಾರೆ, ಬೈಕೂ ಓಡಿಸುತ್ತಾರೆ. ‘ಇನ್ನ ಮುಳ್ಳು ಚುಚ್ಚಿದ್ರ ಗೊತ್ತೇ ಆಗಲ್ಲ ನೋಡ್ರಿ, ಭಾರಿ ಆರಾಮ’ ಎಂದು ಕಟ್ಟಿಗೆಯಂಥ ಪಾದವನ್ನು ಕುಟ್ಟಿ ತೋರಿಸುತ್ತಾರೆ. ನಗಿಸಲು ಹೇಳುತ್ತಾರೆ. ಮಳೆಗಾಲದಲ್ಲಿ ಉಳಿದ ಕಾಲು ಜುಮುಗುಡುತ್ತದೆ, ಇಲ್ಲದ ಬೆರಳುಗಳು ನೋಯುತ್ತವೆ ಎಂಬುದನ್ನೂ ಹೇಳುತ್ತಾರೆ. ನಿಮಗೆ ಚಂದದ್ದನ್ನು ಮಾತ್ರ ಹೇಳಿ ಒಪ್ಪಿಸುವ ಆಸೆ ನನಗಿಲ್ಲ.

ಇನ್ನೊಬ್ಬರು ಚಿತ್ತಾಪುರದ ಕಡೆಯ ಕುರಿಗಾಹಿ. ಅವರೂ ಕಾದರು. ಅವರು ಕಾದದ್ದು ನನಗಾಗಿ ಅಲ್ಲ, ಯಾವುದೋ ನಾಟಿ ಲೇಪಕ್ಕಾಗಿ. ಅವರದು ತೊಡೆಯ ನಡುವಿನವರೆಗೆ ಹೋಯಿತು. ಅಷ್ಟು ಮೇಲೆ ಹೋದರೆ ಕೃತಕ ಕಾಲು ಕೂರಿಸುವುದು ಕಷ್ಟ, ಕೂರಿಸಿದರೂ ನಡೆಯಲು ದುಪ್ಪಟ್ಟು ದಣಿವು. ಅವರಿಗೆ ಕೊಟ್ಟ ಕಾಲು ಗೋಡೆಗೆ ಒರಗಿ ನಿಂತಿದೆ. ಅವರು ಅದರ ಪಕ್ಕದಲ್ಲಿ ಕೂತಿರುತ್ತಾರೆ. ಕುರಿಗಳನ್ನು ಮಾರಿದರು.

ನೀವು ನನ್ನನ್ನು ಕೇಳಿದ್ದಿರಿ, ‘ಕಾಲು ಹೋದ್ರ ಗಾಡಿಗಿ ಕಿಕ್ ಯಾರು ಹೊಡೀಬೇಕು, ನೀವು ಬಂದು ಹೊಡೀತೀರೇನ್ರಿ?’ ಎಂದು. ಅಮೀರ್ ಅಲಿಯವರು ಎಡಗಾಲಿನಿಂದ ಹೊಡೆಯಲು ಕಲಿತಿದ್ದಾರೆ. ಮೊಣಕಾಲು ಮಡಚಿದರೆ ತಾನೇ ಗಾಡಿಯ ಮೇಲೆ ಕೂರಲು ಬರುತ್ತದೆ? ಎಮ್ಮೆಯ ಕೆಚ್ಚಲ ಹತ್ತಿರ ಕೂರಲು ಬರುತ್ತದೆ? ನಾನು ಹೇಳುತ್ತಿರುವುದು ಇಷ್ಟೇ.

ನಿಮ್ಮ ಕಾಲಿನ ಬೂಷ್ಟಿನ ಬಗ್ಗೆಯೂ ಹೇಳಬೇಕು, ಅದನ್ನೂ ನೀವು ವಿಚಾರಿಸುತ್ತಿದ್ದಿರಿ. ಇನ್ನು ತಿಂಗಳಿಗೊಮ್ಮೆ ಅದನ್ನು ಬದಲಿಸುವವರು ಯಾರೂ ಇರುವುದಿಲ್ಲ. ಆದ್ದರಿಂದ ಇಂಥವನ್ನೆಲ್ಲ ಕಾಪಿಡುವ ಒಂದು ಸರ್ಕಾರಿ ಸಂಗ್ರಹಕ್ಕೆ ಅದನ್ನು ಒಪ್ಪಿಸಿದ್ದೇನೆ. ಅಲ್ಲಿ ಅದನ್ನು ಒಣಗಿಸಿ ಪುಡಿಯಾಗಿಸಿ ಗಾಜಿನ ಕೊಳವೆಯಲ್ಲಿ ಮುಚ್ಚಿಡುತ್ತಾರೆ. ಹಾಗೆ ಎಷ್ಟೋ ವರ್ಷ ಇರುತ್ತದೆ. ಕೊಳವೆಯ ಮೇಲೆ ನಿಮ್ಮ ಹೆಸರು ಬರೆಯುವಂತಿಲ್ಲ, ಕೊಡ್ಲಿ ಎಂದು ಊರಿನ ಹೆಸರಿದೆ. ಮುಂದೆ ಯಾರಾದರೂ ಈ ರೋಗಕ್ಕೆ ಹಣ ಪಡೆದು ಬಂದರೆ ಅದನ್ನು ಕೇಳಿ ತೆಗೆದುಕೊಳ್ಳಬಹುದು. ಯಾರು, ಯಾವಾಗ ಎಂದು ನಾನು ಹೇಳಲಾರೆ. ನಾನೇ ಆಗಿರಬಹುದು, ಆಗದೇ ಇರಬಹುದು. ನಿಮ್ಮ ಮೊಣಕಾಲು ಅಲ್ಲಿಯವರೆಗೆ ತಡೆಯುವುದಿಲ್ಲ.

ನಿನ್ನೆ ಇಷ್ಟು ಬರೆದು ನಿಲ್ಲಿಸಿದ್ದೆ. ಮುಂದಿನ ತಿಂಗಳು ಹಾಸಿಗೆ ಕೇಳೋಣ ಎಂದು ಬರೆಯುವವಳಿದ್ದೆ. ಇಂದು ಬೆಳಿಗ್ಗೆ ದೇವಿಕಾ ಫೋನ್ ಮಾಡಿದಳು. ನಿಮಗೆ ಮೂರು ದಿನದಿಂದ ಜ್ವರವಿದೆಯಂತೆ, ತೊಡೆಯ ಸಂದಿನಲ್ಲಿ ಗಂಟು ಎದ್ದಿದೆಯಂತೆ. ‘ಅಪ್ಪ ಯಾರಿಗೂ ಹೇಳಬ್ಯಾಡ ಅಂದಾನ್ರಿ. ಔಷಧ ಬರೋತನಕ ಹಿಂಗಾ ಇರ್ತದ ಅಂತಾನ. ಜ್ವರದಾಗೇ ಹಾಲು ಕೊಡಾಕ ಹೋಗ್ಯಾನ’ ಎಂದಳು. ಆಮೇಲೆ ದನಿ ತಗ್ಗಿಸಿ, ‘ಅಕ್ಕಾ, ಔಷಧ ಯಾವಾಗ ಬರ್ತದ?’ ಎಂದು ಕೇಳಿದಳು. ಪತ್ರ ಕಳಿಸುತ್ತೇನೆ ಎಂದೆ. ಅವಳು ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಿರಬೇಕು.

ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ಆ ಗಂಟು ಗಾಯದ ಕೀವಿನಿಂದ ಎದ್ದಿರಬಹುದು, ರೋಗವೇ ಮೇಲೆ ಹೋಗಿರಲೂಬಹುದು, ನೋಡದೆ ಹೇಳಲಾಗದು ಎಂದರು. ಕೀವಿನದಾದರೆ ಇನ್ನೂ ಮೊಣಕಾಲು ಉಳಿಸಬಹುದು. ಇಂದು ಶನಿವಾರ. ಸೋಮವಾರ ಬೆಳಿಗ್ಗೆ ಬನ್ನಿ ಎಂದಿದ್ದಾರೆ, ಹಾಸಿಗೆ ಹಿಡಿದಿಟ್ಟಿದ್ದಾರೆ. ಅಂಚೆಗೆ ಹಾಕಿದರೆ ಈ ಪತ್ರ ತಡವಾಗುತ್ತದೆ. ಮಧ್ಯಾಹ್ನದ ಸುಲೇಪೇಟ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ದೇವಿಕಾಗೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲು ಹೇಳಿದ್ದೇನೆ. ನಾನೇ ಬರಬಹುದಿತ್ತು. ಬಂದರೆ ನೀವು ನಗಿಸುತ್ತೀರಿ, ನಾನು ನಗುತ್ತೇನೆ, ಇನ್ನೊಂದು ವಾರ ಹೋಗುತ್ತದೆ.

ಜೀಪು ಹೇಳಿದ್ದೇನೆ, ಮನೆಯ ಮುಂದೆಯೇ ಬರುತ್ತದೆ. ಶಿವಕಾಂತಮ್ಮನವರೂ ದೇವಿಕಾಳೂ ಜೊತೆಗೆ ಬರಲಿ. ಹಾಲಿನ ಹಂಚಿಕೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ. ವಾಡಿಯಿಂದ ಅಮೀರ್ ಅಲಿಯವರು ಬರುತ್ತಾರೆ, ಕೇಳಬೇಕಾದದ್ದನ್ನೆಲ್ಲ ಅವರನ್ನೇ ಕೇಳಿ. ಭುವನೇಶ್ವರದವರಿಗೆ ಬರೆದು ಎರಡು ವಾರ ತಡವಾಗಿ ಸೇರಲು ಅನುಮತಿ ಕೇಳಿದ್ದೇನೆ. ಅರಿವಳಿಕೆ ಇಳಿದು ನೀವು ಕಣ್ಣು ಬಿಟ್ಟಾಗ ಬೈಯಲು ನಿಮಗೊಬ್ಬರು ಬೇಕಾಗುತ್ತಾರೆ. ನಾನು ಅಲ್ಲಿ ಇರುತ್ತೇನೆ.

ಊರಿನವರು ನಗುತ್ತಾರೆ ಎಂಬ ಸಂಕೋಚ ನಿಮಗೆ ಬರಬಹುದು. ಪೇಢಾ ಹಂಚಿದವನು ಕಾಲು ಕಡಿಸಿಕೊಂಡು ಬಂದ ಎನ್ನುತ್ತಾರೆ ಎಂದು. ಅವರಿಗೆ ನನ್ನ ಹೆಸರು ಹೇಳಿ. ಡಾಕ್ಟರ್ ಬಾಯಿ ಮಾತು ಕೊಟ್ಟು ಓಡಿಹೋದಳು ಎಂದೇ ಹೇಳಿ. ನಾನು ಕೊಟ್ಟಿರಲಿಲ್ಲ, ಅದು ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಕು. ನಾನು ಹೋಗುವ ಊರಿಗೆ ಆ ಮಾತು ತಲುಪುವುದಿಲ್ಲ, ತಲುಪಿದರೂ ಹೊರಬಲ್ಲೆ. ನೀವು ಸೋಮವಾರ ಜೀಪು ಹತ್ತಿ.

ದೇವಿಕಾ, ಇಲ್ಲಿಗೆ ಮುಗಿಯಿತು. ಅವರು ಎದ್ದು ಹೊರಗೆ ಹೋದರೆ ಹೋಗಲು ಬಿಡು. ತಿರುಗಿ ಬಂದ ಮೇಲೆ ಇನ್ನೊಮ್ಮೆ ಓದು.

ಕಾಕಾ, ನಿಮ್ಮ ಮೊಣಕಾಲು ನಿಮಗೆ ಉಳಿಯಲಿ. ನಿಮ್ಮ ಸಿಟ್ಟು ನನ್ನ ಮೇಲೆ ಉಳಿದರೂ ಸರಿ.

ಇಂತು,
ಸೋಮವಾರ ವಾರ್ಡಿನ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿರುವ
ಶ್ರೀವಾಣಿ